ಗೂಢಚಾರ ಚಿತ್ರಗಳೂ ಕಥಾಸಂವಿಧಾನವೂ

ಗೂಢಚಾರನ ಸಾಹಸವನ್ನು ಕುರಿತ ಚಲಚ್ಚಿತ್ರವು ಬಂದೂಕಿನ ಸದ್ದಿನಿಂದಲೂ ವಾಹನಗಳ ಓಟದಿಂದಲೂ ಗೆಲ್ಲುವುದೆಂಬ ನಂಬಿಕೆಯು ನಮ್ಮ ಚಿತ್ರೋದ್ಯಮಿಗಳಲ್ಲಿ ಬಹುಕಾಲದಿಂದ ಬೇರೂರಿದೆ. ಪ್ರೇಕ್ಷಕರಲ್ಲಿಯೂ ಅನೇಕರು ಹಾಗೆಯೇ ತಿಳಿದಿರುವಂತೆ ತೋರುತ್ತದೆ. ಈ ನಂಬಿಕೆಗೆ ಆಧಾರವಿಲ್ಲವೆಂಬುದು ನಮ್ಮ ಅಭಿಪ್ರಾಯ. ಇಂಥ ಚಿತ್ರದ ಜೀವಾಳವು ಅದರ ಕಥಾಸಂವಿಧಾನ; ಎಂದರೆ, ಯಾವ ಸಂಗತಿಯು ಯಾರಿಗೆ ಯಾವಾಗ ತಿಳಿಯತಕ್ಕದ್ದೆಂಬ ಏರ್ಪಾಡು. ಆ ಏರ್ಪಾಡು ಬಿಗಿಯಾಗಿದ್ದರೆ ಬಾಗಿಲ ಅಗುಳಿ ಸರಿಯುವ ಸದ್ದೇ ಪ್ರೇಕ್ಷಕನ ಎದೆಯನ್ನು ನಡುಗಿಸುವುದು. ಅದು ಸಡಿಲವಾಗಿದ್ದರೆ ನೂರು ಪಿಸ್ತೂಲುಗಳು ಹಾರಿದರೂ ಅವನು ಆಕಳಿಸುವನು.

ಬೆಂಗಳೂರಿನ ಉತ್ತರ ಭಾಗದ ವಾಚಕರಿಗೆ ಈ ವಿಷಯವು ದೂರದ್ದೇನೂ ಅಲ್ಲ. ಯಶವಂತಪುರದ ಬಳಿಯಲ್ಲಿ 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯಿದೆ. ಜಾಲಹಳ್ಳಿಯಲ್ಲಿ, 1954ರಲ್ಲಿ ಸ್ಥಾಪಿತವಾಗಿ ರಕ್ಷಣಾಪಡೆಗಳಿಗೆ ರೇಡಾರು ಮೊದಲಾದ ಉಪಕರಣಗಳನ್ನು ಒದಗಿಸುವ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಿದೆ. ಯಲಹಂಕದ ವಾಯುಪಡೆಯ ನೆಲೆಯಲ್ಲಿ 1996ರಿಂದ ವಿಮಾನಗಳ ಮಹಾಪ್ರದರ್ಶನವು ನಡೆದುಬಂದಿದೆ. ಇಂಥ ಸ್ಥಳಗಳಲ್ಲಿ ದುಡಿದು ಸಂಜೆ ಹೆಬ್ಬಾಳಕ್ಕೋ ಆರ್.ಟಿ. ನಗರಕ್ಕೋ ಮರಳುವ ನೌಕರರು ಗುಟ್ಟೆಂದರೇನೆಂಬುದನ್ನು ಅನುಭವದಿಂದ ಬಲ್ಲರು. ಮೊಹರು ಮಾಡಿದ ಲಕೋಟೆ, ದಾಖಲೆ ಪುಸ್ತಕದಲ್ಲಿ ಬೀಳುವ ಸಹಿ, ಒಬ್ಬರ ಕೈಯಲ್ಲಿಯೇ ಇರತಕ್ಕ ಬೀಗದ ಕೈ, ಮನೆಯವರು ಕೇಳಿದರೂ ಹೇಳದೆ ಉಳಿಸಿಕೊಳ್ಳುವ ಮಾತು, 1923ರ ಅಧಿಕೃತ ರಹಸ್ಯಗಳ ಕಾಯಿದೆಯ ಭಯ: ಅವರ ಪಾಲಿಗೆ ರಹಸ್ಯವೆಂಬುದು ಇಷ್ಟೇ. ಅವರೇ ಚಿತ್ರಮಂದಿರದಲ್ಲಿ ಕುಳಿತು, ದೇಶದ ಮಹಾರಹಸ್ಯವನ್ನು ಕಾಯುವ ನಾಯಕನು ನಡುಬೀದಿಯಲ್ಲಿ ತನ್ನ ಹೆಸರನ್ನು ಸಾರಿಕೊಂಡು ನಲವತ್ತು ಮಂದಿಯನ್ನು ಕೆಡವುವುದನ್ನು ನೋಡಿದಾಗ ಮನಸ್ಸಿನಲ್ಲಿಯೇ ನಕ್ಕರೆ ಆಶ್ಚರ್ಯವೇನು?

ಅದೇ ಯಶವಂತಪುರವನ್ನು ದಾಟಿ ತುಸು ದೂರ ಸಾಗಿದರೆ 1966ರಲ್ಲಿ ಆರಂಭವಾದ ಕಂಠೀರವ ಸ್ಟುಡಿಯೋ ಸಿಕ್ಕುವುದು. 2006ರ ಏಪ್ರಿಲ್ ತಿಂಗಳಲ್ಲಿ ಕಾಲವಾದ ಡಾ. ರಾಜಕುಮಾರರ ಸಮಾಧಿಯು ಅಲ್ಲಿಯೇ ಇದೆ. ಅಲ್ಲಿಗೆ ಬಂದು ಕೈಮುಗಿಯುವ ಜನರು ಅವರನ್ನು ಕೃಷ್ಣದೇವರಾಯನೆಂದೂ ಮಯೂರನೆಂದೂ ನೆನೆಯುವರು. ಕನ್ನಡದಲ್ಲಿ ಗೂಢಚಾರ ಚಿತ್ರಗಳ ಒಂದು ಮಾಲೆಯನ್ನೇ ತಂದವರೂ ಅವರೇ ಎಂಬುದು ಈಗಿನ ತರುಣರಲ್ಲಿ ಅನೇಕರಿಗೆ ತಿಳಿಯದು. ದೊರೈ–ಭಗವಾನ್ ಜೋಡಿಯು ನಿರ್ದೇಶಿಸಿದ ‘ಜೇಡರ ಬಲೆ’ಯು 1968ರಲ್ಲಿ ತೆರೆಕಂಡಿತು. ಅದರಲ್ಲಿ ರಾಜಕುಮಾರರು 999 ಎಂಬ ಸಂಖ್ಯೆಯ ಸಿ.ಐ.ಡಿ. ಅಧಿಕಾರಿ ಪ್ರಕಾಶನಾದರು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದವು.

ಈ ಚಿತ್ರಗಳ ಮಾದರಿಯು 1962ರಲ್ಲಿ ಆರಂಭವಾದ ಜೇಮ್ಸ್ ಬಾಂಡ್ ಚಿತ್ರಮಾಲೆಯಿಂದ ಬಂದುದೆಂಬುದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆ ಮಾಲೆಗೆ ಮೂಲವಾದ ಕಾದಂಬರಿಗಳನ್ನು ಇಟಲಿಯ ಪಂಡಿತ ಉಂಬರ್ತೋ ಎಕೋ 1965ರಲ್ಲಿ ವಿಮರ್ಶಿಸಿ, ಅವೆಲ್ಲವೂ ಚದುರಂಗದ ನಡೆಗಳಂತೆ ಗೊತ್ತಾದ ಕೆಲವು ನಡೆಗಳಿಂದ ಕೂಡಿವೆಯೆಂದು ತೋರಿಸಿದನು. ಮೇಲಧಿಕಾರಿಯು ಕಾರ್ಯವನ್ನು ಒಪ್ಪಿಸುವುದು, ಖಳನು ನಾಯಕನಿಗೆ ಎದುರಾಗುವುದು, ನಾಯಕನು ಸೆರೆಸಿಕ್ಕುವುದು, ಬಿಡಿಸಿಕೊಂಡು ಖಳನನ್ನು ಸಂಹರಿಸುವುದು. ಕ್ರಮವು ಹಿಂದುಮುಂದಾದರೂ ನಡೆಗಳು ಅವೇ. ಕನ್ನಡದವರು ಈ ಕಟ್ಟನ್ನು ತಂದು ಅದರೊಳಗೆ ನಮ್ಮ ಹಾಡನ್ನೂ ನರಸಿಂಹರಾಜರ ಹಾಸ್ಯವನ್ನೂ ಕೂರಿಸಿದರು. ಎರವಲೆಂದು ಅದನ್ನು ಹಳಿಯುವವರು ಒಂದು ಗುಣವನ್ನು ಮರೆಯಬಾರದು. ‘ಜೇಡರ ಬಲೆ’ಯ ಬೀಜವು ಸ್ಪಷ್ಟವಾಗಿತ್ತು: ಕೀಳು ಲೋಹವನ್ನು ಚಿನ್ನವನ್ನಾಗಿ ಮಾರ್ಪಡಿಸುವ ಒಂದು ಸೂತ್ರ. ಅದು ಯಾರ ಕೈಸೇರುವುದೆಂಬ ಒಂದೇ ಪ್ರಶ್ನೆಯನ್ನು ಹಳ್ಳಿಯ ಪ್ರೇಕ್ಷಕನೂ ಹಿಡಿದುಕೊಳ್ಳಬಲ್ಲನಾಗಿದ್ದನು. ಚಿತ್ರವು ಕಪ್ಪು ಬಿಳುಪಿನದು. ಈಗಿನ ಯಾಂತ್ರಿಕ ಚಮತ್ಕಾರಗಳು ಆಗ ಇರಲಿಲ್ಲ. ಆದರೂ ಜನರು ಅದನ್ನು ಮೆಚ್ಚಿದರು. ಹೆಸರಿನಲ್ಲಿಯೂ ನಾಯಕನ ಪೌರುಷಕ್ಕಿಂತ ಬಲೆಯು ಮುಂದಾಗಿರುವುದನ್ನು ವಾಚಕರು ಗಮನಿಸಬೇಕು.

ಇಂಥ ಬಲೆಯನ್ನು ಹೆಣೆಯುವ ವಿದ್ಯೆಯನ್ನು ನಾವು ಪರದೇಶದಿಂದಲೇ ಕಲಿಯಬೇಕಾಗಿಲ್ಲ. ವಿಶಾಖದತ್ತನ ‘ಮುದ್ರಾರಾಕ್ಷಸ’ವು ಸಂಪೂರ್ಣವಾಗಿ ಗೂಢಚಾರರ ನಾಟಕ. ಆ ಕಥೆಯನ್ನೇ ಆಧರಿಸಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕೆಂಪುನಾರಾಯಣನು 1823ರಲ್ಲಿ ‘ಮುದ್ರಾಮಂಜೂಷ’ವನ್ನು ರಚಿಸಿದನು. ಕನ್ನಡದ ಹೊಸ ಗದ್ಯವು ತನ್ನ ಮೊದಲ ಹೆಜ್ಜೆಗಳನ್ನು ಇಟ್ಟದ್ದೇ ಗೂಢಚಾರರ ಕಥೆಯಲ್ಲಿ ಎಂದರೆ ಅತಿಶಯೋಕ್ತಿಯಾಗದು.

ನಾಟಕದ ಕಟ್ಟನ್ನು ನೋಡಿರಿ. ಯಮಪಟವನ್ನು ಹಿಡಿದು ತಿರುಗುವ ಚಾರನೊಬ್ಬನಿಗೆ ಚಂದನದಾಸನ ಮನೆಯ ಬಾಗಿಲಲ್ಲಿ ರಾಕ್ಷಸಾಮಾತ್ಯನ ಮುದ್ರೆಯುಂಗುರವು ದೊರೆಯುವುದು. ಚಾಣಕ್ಯನು ರಾಕ್ಷಸನ ಮಿತ್ರನಾದ ಶಕಟದಾಸನಿಂದಲೇ ಒಂದು ಪತ್ರವನ್ನು ಉಪಾಯದಿಂದ ಬರೆಯಿಸಿ ಅದಕ್ಕೆ ಆ ಮುದ್ರೆಯನ್ನು ಒತ್ತಿಸುವನು. ಇದೆಲ್ಲವೂ ಮೊದಲನೆಯ ಅಂಕದಲ್ಲಿಯೇ ಪ್ರೇಕ್ಷಕರ ಕಣ್ಣೆದುರಿಗೆ ಬರುವುದು. ಆ ಪತ್ರವು ಮಲಯಕೇತುವಿನ ಕೈಗೆ ಬೀಳುವುದು ಐದನೆಯ ಅಂಕದಲ್ಲಿ. ಅಲ್ಲಿಯವರೆಗೆ ರಾಕ್ಷಸನು ಆಡುವ ಒಂದೊಂದು ಭರವಸೆಯ ಮಾತನ್ನು ಕೇಳುವಾಗಲೂ ನಮ್ಮ ಮನಸ್ಸು ತಳಮಳಗೊಳ್ಳುವುದು. ಅವನಿಗೆ ತಿಳಿಯದುದು ನಮಗೆ ತಿಳಿದಿದೆ. ಹೊಡೆದಾಟವೇ ಇಲ್ಲದ ಆ ನಾಟಕವು ಏಳು ಅಂಕಗಳ ಕಾಲ ನಮ್ಮನ್ನು ಅಲುಗಾಡದಂತೆ ಕೂರಿಸುವುದು ಈ ಹಂಚಿಕೆಯ ಬಲದಿಂದ.

ನಾಯಕನಿಗೆ ತಿಳಿದದ್ದು, ಶತ್ರುವಿಗೆ ತಿಳಿದದ್ದು, ಪ್ರೇಕ್ಷಕನಿಗೆ ತಿಳಿದದ್ದು, ಈ ಮೂರರ ಅಂತರವೇ ಗೂಢಚಾರ ಕಥೆಯ ಬಂಡವಾಳ. ಆಂಗ್ಲ ನಿರ್ದೇಶಕ ಹಿಚ್‌ಕಾಕನೂ ಇದನ್ನೇ ಬೇರೆ ಮಾತಿನಲ್ಲಿ ಹೇಳಿದ್ದನು. ಮೇಜಿನ ಕೆಳಗೆ ಇಟ್ಟ ಬಾಂಬು ಹೇಳದೆ ಕೇಳದೆ ಸಿಡಿದರೆ ಪ್ರೇಕ್ಷಕನಿಗೆ ಹದಿನೈದು ಸೆಕೆಂಡುಗಳ ಬೆರಗು. ಅದು ಅಲ್ಲಿರುವುದನ್ನು ಅವನಿಗೆ ಮೊದಲೇ ತೋರಿಸಿ, ಮೇಜಿನ ಸುತ್ತ ಕುಳಿತವರು ಏನನ್ನೂ ಅರಿಯದೆ ಹರಟುತ್ತಿದ್ದರೆ ಹದಿನೈದು ನಿಮಿಷಗಳ ಆತಂಕ. ಪಾಟಲಿಪುತ್ರದ ಮುದ್ರೆಯುಂಗುರಕ್ಕೂ ಈ ಬಾಂಬಿಗೂ ಕಥಾಸಂವಿಧಾನದಲ್ಲಿ ಭೇದವಿಲ್ಲ.

ಹಾಗಾದರೆ ಸಾಹಸದ ದೃಶ್ಯಗಳು ಬೇಡವೇ ಎಂದು ಯಾರಾದರೂ ಕೇಳಬಹುದು. ಬೇಕು, ಆದರೆ ಅವು ಕಥೆಯ ಕೀಲುಗಳಲ್ಲಿ ಬರಬೇಕು. ನಮ್ಮ ಲಾಕ್ಷಣಿಕರು ರೂಪಕಕ್ಕೆ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣವೆಂಬ ಐದು ಸಂಧಿಗಳನ್ನು ಹೇಳಿದ್ದಾರೆ. ಮುಖದಲ್ಲಿ ಗುಟ್ಟಿನ ಬೀಜವು ಬೀಳಬೇಕು. ಪ್ರತಿಮುಖದಲ್ಲಿ ಅದು ಕಂಡೂ ಕಾಣದಂತೆ ಚಿಗುರಬೇಕು. ಗರ್ಭದಲ್ಲಿ ದೊರೆತದ್ದು ಕೈತಪ್ಪಿ ಮತ್ತೆ ಅರಸಬೇಕಾಗಬೇಕು. ನಮ್ಮ ಚಿತ್ರಗಳ ಮಧ್ಯವಿರಾಮವು ಬರತಕ್ಕ ಸ್ಥಳವೂ ಇದೇ. ವಿಮರ್ಶದಲ್ಲಿ ಕೋಪ, ಮೋಹ, ದ್ರೋಹಗಳಿಂದ ದೊಡ್ಡ ವಿಘ್ನವು ಒದಗಬೇಕು. ನಿರ್ವಹಣದಲ್ಲಿ ಚದುರಿದ ಎಳೆಗಳೆಲ್ಲವೂ ಒಂದೆಡೆ ಕೂಡಬೇಕು. ಒಂದು ಕಾಳಗವು ಮುಗಿದ ಮೇಲೆ ಯಾರಿಗಾದರೂ ಹೊಸದೊಂದು ಸಂಗತಿ ತಿಳಿದಿರಬೇಕು, ಇಲ್ಲವೇ ಯಾರದಾದರೂ ವೇಷವು ಕಳಚಿರಬೇಕು, ಇಲ್ಲವೇ ಹಿಂದಿರುಗುವ ದಾರಿಯೊಂದು ಮುಚ್ಚಿಹೋಗಿರಬೇಕು. ಇದಾವುದೂ ಆಗದಿದ್ದರೆ ಆ ಕಾಳಗವನ್ನು ಕತ್ತರಿಸಿ ತೆಗೆದರೂ ಕಥೆಗೆ ನಷ್ಟವಾಗದು. ವಾಚಕರು ಮುಂದೆ ನೋಡುವ ಚಿತ್ರದಲ್ಲಿ ಈ ಪರೀಕ್ಷೆಯನ್ನು ಮಾಡಿ ನೋಡಲಿ.

ಈಚಿನ ಅನೇಕ ಚಿತ್ರಗಳು ಈ ಪರೀಕ್ಷೆಯಲ್ಲಿ ಉತ್ತೀರ್ಣವಾಗವು. ನಾಯಕನ ಪ್ರವೇಶಕ್ಕೆಂದೇ ಮೊದಲ ಭಾಗವು ವೆಚ್ಚವಾಗುವುದರಿಂದ ಬೀಜವು ಬೀಳುವುದೇ ತಡವಾಗುತ್ತದೆ. ಸೋಲಿನ ಸಂಭವವೇ ಇಲ್ಲದ ನಾಯಕನಿಗೆ ಗುಟ್ಟಿನ ಅಗತ್ಯವೂ ಇರುವುದಿಲ್ಲ. ಎಲ್ಲರನ್ನೂ ಹೊಡೆಯಬಲ್ಲವನು ವೇಷವನ್ನೇಕೆ ಹಾಕಬೇಕು? ಮಧ್ಯವಿರಾಮದ ಹೊತ್ತಿಗೆ ಆಪ್ತಮಿತ್ರನೇ ದ್ರೋಹಿಯೆಂದು ಥಟ್ಟನೆ ಸಾರುವುದು ಈಗ ರೂಢಿಯಾಗಿಬಿಟ್ಟಿದೆ. ಅದಕ್ಕೆ ಹಿಂದಿನ ದೃಶ್ಯಗಳಲ್ಲಿ ಒಂದು ಸುಳಿವೂ ಇಲ್ಲದಿದ್ದರೆ ಪ್ರೇಕ್ಷಕನು ತನ್ನನ್ನು ಮೋಸಗೊಳಿಸಿದರೆಂದು ತಿಳಿಯುವನೇ ಹೊರತು ಕಥೆಗಾರನ ಜಾಣ್ಮೆಯನ್ನು ಮೆಚ್ಚಲಾರನು. ಇನ್ನು ಕೆಲವರು ನಿರ್ವಹಣವನ್ನೇ ಮುಂದಿನ ಭಾಗಕ್ಕೆ ಬಿಟ್ಟು, ಹಣ ತೆತ್ತು ಬಂದವನನ್ನು ಫಲವಿಲ್ಲದೆ ಮನೆಗೆ ಕಳುಹಿಸುತ್ತಾರೆ.

ಇದು ಕೇವಲ ಮನರಂಜನೆಯ ವಿಚಾರವಾಗಿದ್ದರೆ ಸಂಪಾದಕೀಯ ಪುಟದಲ್ಲಿ ಇಷ್ಟು ಸ್ಥಳವನ್ನು ಕೊಡುತ್ತಿರಲಿಲ್ಲ. ಗೂಢಚಾರ ಚಿತ್ರಗಳು ದೇಶಭಕ್ತಿಯ ಹೆಸರಿನಲ್ಲಿ ಬರುವುವು. ಅವುಗಳಲ್ಲಿ ಹಲವು ನಿಜ ಘಟನೆಗಳನ್ನು ಆಧರಿಸಿದವುಗಳೆಂದು ಹೇಳಿಕೊಳ್ಳುವುವು. ಶತ್ರು ಯಾರು, ಅವನನ್ನು ಗುರುತಿಸುವ ಬಗೆ ಯಾವುದು, ಅವನನ್ನು ಏನು ಮಾಡಬೇಕು ಎಂಬುದನ್ನು ಲಕ್ಷಾಂತರ ತರುಣರು ಅವುಗಳಿಂದ ಕಲಿಯುತ್ತಾರೆ. ಸಂವಿಧಾನವು ಬಲವಾಗಿದ್ದ ಕಥೆಯಲ್ಲಿ ಶತ್ರುವಿಗೂ ಒಂದು ಉದ್ದೇಶವಿರುತ್ತದೆ, ಅವನ ನಡೆಗೂ ಒಂದು ತರ್ಕವಿರುತ್ತದೆ. ನಾಯಕನು ಸಾಕ್ಷ್ಯವನ್ನು ಕೂಡಿಸಿ ಅವನನ್ನು ಕಂಡುಹಿಡಿಯುವನು. ಸಂವಿಧಾನವು ಕುಸಿದ ಕಥೆಯಲ್ಲಿ ಆ ಶ್ರಮವನ್ನು ತಪ್ಪಿಸಿಕೊಳ್ಳಲು, ಉಡುಪನ್ನೂ ಮಾತಿನ ಧಾಟಿಯನ್ನೂ ನೋಡಿದ ಕೂಡಲೇ ಇವನೇ ವೈರಿಯೆಂದು ಪ್ರೇಕ್ಷಕನು ತೀರ್ಮಾನಿಸುವಂತೆ ಮಾಡಿಬಿಡುತ್ತಾರೆ. ಸಾಕ್ಷ್ಯವಿಲ್ಲದೆ ಸಂಶಯಪಡುವ ಅಭ್ಯಾಸವು ಚಿತ್ರಮಂದಿರದಲ್ಲಿ ಬೆಳೆದು ಬೀದಿಗೆ ಬಂದರೆ ಅದರಿಂದ ದೇಶರಕ್ಷಣೆಗೆ ಯಾವ ಲಾಭವೂ ಇಲ್ಲ. ನೆರೆಹೊರೆಯ ನೆಮ್ಮದಿಯು ಮಾತ್ರ ಕೆಡುವುದು.

ಬೇರೆ ದಾರಿಯಿದೆಯೆಂಬುದಕ್ಕೆ ಹಿಂದಿಯ ‘ರಾಜಿ’ಯೇ ಸಾಕ್ಷಿ. ಮೇಘನಾ ಗುಲ್ಜಾರ್ ನಿರ್ದೇಶಿಸಿದ ಈ ಚಿತ್ರವು 2018ರಲ್ಲಿ ಬಂದಿತು. 1971ರ ಯುದ್ಧದ ಕಾಲದಲ್ಲಿ ಭಾರತದ ತರುಣಿಯೊಬ್ಬಳು ಪಾಕಿಸ್ತಾನದ ಸೇನಾಧಿಕಾರಿಯ ಮನೆಗೆ ಸೊಸೆಯಾಗಿ ಹೋಗಿ ಅಲ್ಲಿಂದ ಸುದ್ದಿಯನ್ನು ರವಾನಿಸುವಳು. ಆ ಮನೆಯವರು ಅವಳನ್ನು ಪ್ರೀತಿಯಿಂದ ನೋಡಿಕೊಳ್ಳುವರು. ಅವಳ ಗುಟ್ಟು ಉಳಿಯಬೇಕೆಂದು ನಾವು ಬಯಸುವೆವು. ಅದಕ್ಕಾಗಿ ಅವಳು ತೆರುವ ಬೆಲೆಯನ್ನು ಕಂಡು ಮರುಗುವೆವು. ಹೊಡೆದಾಟವು ಅತ್ಯಲ್ಪವಾಗಿದ್ದರೂ ದೇಶಸೇವೆಯ ಭಾರವೆಷ್ಟೆಂಬುದನ್ನು ಅದು ಮನಗಾಣಿಸಿತು.

ಮುದ್ರಾರಾಕ್ಷಸದ ಮುಕ್ತಾಯವೂ ಇಲ್ಲಿ ನೆನಪಿಗೆ ಬರುತ್ತದೆ. ಚಾಣಕ್ಯನ ಇಡೀ ತಂತ್ರದ ಗುರಿಯು ರಾಕ್ಷಸನ ವಧೆಯಾಗಿರಲಿಲ್ಲ. ಮಿತ್ರನಾದ ಚಂದನದಾಸನನ್ನು ಉಳಿಸಲು ರಾಕ್ಷಸನು ತಾನಾಗಿಯೇ ಬಂದು ಒಪ್ಪಿಸಿಕೊಂಡಾಗ ಅವನಿಗೆ ಚಂದ್ರಗುಪ್ತನ ಮಂತ್ರಿಪದವಿಯು ದೊರೆಯುವುದು. ವೈರಿಯ ಸ್ವಾಮಿಭಕ್ತಿಯನ್ನೇ ರಾಜ್ಯದ ಆಸ್ತಿಯನ್ನಾಗಿ ಮಾಡಿಕೊಂಡ ಈ ನಿರ್ವಹಣವು ಮೊದಲ ಅಂಕದಲ್ಲಿಯೇ ಬೀಜರೂಪವಾಗಿ ಇದ್ದಿತು. ಕೊನೆಯು ಎಂಥದೆಂದು ಮೊದಲೇ ನಿಶ್ಚಯಿಸಿಕೊಂಡ ಕವಿಯಿಂದ ಮಾತ್ರ ಇಂಥದು ಸಾಧ್ಯ.

ಕನ್ನಡದ ಪೇಟೆಯು ಚಿಕ್ಕದು, ಹಿಂದಿಯವರ ಬಂಡವಾಳವು ನಮ್ಮಲ್ಲಿಲ್ಲ, ಆದುದರಿಂದ ಇಂಥ ಚಿತ್ರಗಳು ನಮ್ಮಿಂದಾಗವೆಂದು ಉದ್ಯಮಿಗಳು ಹೇಳಬಹುದು. ಹೆಲಿಕಾಪ್ಟರನ್ನು ಸಿಡಿಸಲು ಕೋಟಿಗಟ್ಟಲೆ ಹಣ ಬೇಕು. ಒಂದು ಉಂಗುರವನ್ನು ಬಾಗಿಲಲ್ಲಿ ಬೀಳಿಸಲು ಏನೂ ಬೇಡ. ಬಡ ಉದ್ಯಮಕ್ಕೆ ಬುದ್ಧಿಯ ಕಥೆಯೇ ಮಿತವ್ಯಯದ ಮಾರ್ಗ. ಆದರೆ ಕಥೆಯನ್ನು ಬರೆಯುವವನಿಗೆ ಒಂದು ವರ್ಷದ ಅವಕಾಶವನ್ನೂ ಯೋಗ್ಯವಾದ ಸಂಭಾವನೆಯನ್ನೂ ಕೊಡಲು ನಿರ್ಮಾಪಕರು ಸಿದ್ಧರಾಗಬೇಕು. ನಾಯಕನಟನ ದಿನಾಂಕವು ದೊರೆತ ಮೇಲೆ ಕಥೆಯನ್ನು ಹುಡುಕುವ ಪದ್ಧತಿಯು ನಿಲ್ಲಬೇಕು. ಸರಕಾರದ ಸಹಾಯಧನಕ್ಕೆ ಚಿತ್ರಗಳನ್ನು ಆರಿಸುವ ಮಹನೀಯರು ಚಿತ್ರಕಥೆಯ ಬಿಗಿಯನ್ನು ಮೊದಲನೆಯ ಯೋಗ್ಯತೆಯೆಂದು ಎಣಿಸಬೇಕು.

ವಿಜ್ಞಾನ ಸಂಸ್ಥೆ, ರೇಡಾರು ಕಾರ್ಖಾನೆ, ವಾಯುನೆಲೆ ಇವೆಲ್ಲವೂ ಕೆಲವೇ ಮೈಲಿಗಳ ಅಂತರದಲ್ಲಿರುವ ಊರಿನಲ್ಲಿ ಗೂಢಚಾರ ಕಥೆಗೆ ವಸ್ತುವಿಲ್ಲವೆಂದು ಹೇಳುವಂತಿಲ್ಲ. ಐದು ದಶಕಗಳಿಗೂ ಹಿಂದೆ ಕಪ್ಪು ಬಿಳುಪಿನಲ್ಲಿ ನಮ್ಮವರು ಆರಂಭಿಸಿದ ಕೆಲಸವನ್ನು ಈ ಕಾಲದ ಜ್ಞಾನದೊಡನೆ ಮುಂದುವರಿಸಲು ಯಾರಾದರೂ ಸಮರ್ಥ ಬರೆಹಗಾರರು ಮುಂದೆ ಬರಲಿ. ಅಂಥವರನ್ನು ಕಂಡು ಹಣ ಹೂಡುವ ಧೈರ್ಯವು ನಮ್ಮ ನಿರ್ಮಾಪಕರಿಗೆ ಉಂಟಾಗಲಿ ಎಂದು ಹಾರೈಸುತ್ತೇವೆ.