ಚಿಂತೆಯೂ ಪ್ರಾರ್ಥನೆಯೂ

ಭರತ ಹುಣ್ಣಿಮೆಯ ನಂತರ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯನು ಬಿಲ್ಲನ್ನೇರಿ ಕಾರ್ಣಿಕ ನುಡಿಯುವ ಕ್ಷಣದಲ್ಲಿ ನೆರೆದ ಜನಸಾಗರವೆಲ್ಲ ಉಸಿರು ಬಿಗಿಹಿಡಿದು ನಿಲ್ಲುತ್ತದೆ. ಆ ಒಂದು ಸಾಲಿನ ನುಡಿಯಲ್ಲಿ ಮಳೆಯಿದೆಯೇ, ಬೆಳೆಯಿದೆಯೇ ಎಂದು ಹುಡುಕುತ್ತದೆ. ನಾನು ಕ್ರೈಸ್ತನಾದರೂ ಆ ಮೌನ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ಮಳೆಯಾಶ್ರಿತ ಹೊಲಗಳ ನಡುವೆ ಬಾಳಿದವನಿಗೆ ನಾಳೆಯ ಚಿಂತೆ ಹೊಸದಲ್ಲ.

ಸತತ ಮೂರನೆಯ ವರ್ಷ ಬರಗಾಲ ಬಂದಿದ್ದ 2003ರಲ್ಲಿ ನಾನು ಸಾಲ ಮಾಡಿ ಎರಡು ಕೊಳವೆಬಾವಿ ಕೊರೆಸಿದೆ. ಎರಡರಲ್ಲಿಯೂ ಮೇಲೆ ಬಂದದ್ದು ಬರಿಯ ಧೂಳು. ಮಾಸ್ತರನಿಗೆ ಈ ಒಕ್ಕಲುತನದ ಹುಚ್ಚು ಏಕೆ ಬೇಕಿತ್ತೆಂದು ಕೇಳಿದವರಿಗೆ ಉತ್ತರವಿರಲಿಲ್ಲ. ರಾತ್ರಿಯೆಲ್ಲ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದೆ. ಅಂದರೆ, ಅಸಲು ಎಷ್ಟು, ಬಡ್ಡಿ ಎಷ್ಟು ಎಂಬ ಲೆಕ್ಕವನ್ನು ದೇವರ ಮುಂದೆ ಮತ್ತೆ ಮತ್ತೆ ಒಪ್ಪಿಸುತ್ತಿದ್ದೆ. ನಿದ್ರೆ ಮಾತ್ರ ಬರುತ್ತಿರಲಿಲ್ಲ. ಅಕ್ಷರ ಬಾರದ ನನ್ನ ಅವ್ವ ಒಂದು ರಾತ್ರಿ ಕತ್ತಲಲ್ಲಿಯೇ ಹೇಳಿದಳು: “ಇದನ್ನ ನಿನ್ನೇನೂ ಹೇಳಿದ್ದಿ. ಕೊಟ್ಟಮ್ಯಾಲೆ ತಿರುಗಿ ಇಸ್ಕಂಡ್ರೆ ಹೆಂಗಪ್ಪಾ?”

ಅವಳ ಪ್ರಾರ್ಥನೆಯ ರೀತಿಯೇ ಬೇರೆ. ಓಣಿಯವರ ಹೆಸರುಗಳನ್ನು ಒಂದೊಂದಾಗಿ ಹೇಳುವಳು. ಪ್ರತಿ ಹೆಸರಿಗೂ ಕೊಂಚ ನಿಲ್ಲುವಳು. ಕಡೆಗೆ ಅಂದಿನ ಊಟಕ್ಕೆ ಸ್ತೋತ್ರ ಹೇಳಿ ಮಲಗಿದಳೆಂದರೆ ಕ್ಷಣದಲ್ಲಿ ಗೊರಕೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕೈಗೊಂಡ ಅನುವಾದದ ಫಲವಾಗಿ 1831ರ ವೇಳೆಗೆ ಇಡೀ ಸತ್ಯವೇದ ಕನ್ನಡದಲ್ಲಿ ದೊರೆಯಿತು. ಅದನ್ನು ಎಂದೂ ಓದದೆ, ಕೇಳಿಯೇ ಬಲ್ಲವಳು ನನ್ನ ಅವ್ವ. ಬಿ.ಎಡ್. ಮಾಡಿದ ನಾನು ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯವನ್ನು ಬಾಯಿಪಾಠ ಹೇಳಬಲ್ಲವನಾಗಿದ್ದೆ. ಚಿಂತೆಯನ್ನು ಬಿಡಿರಿ ಎನ್ನುವ ಆ ಪತ್ರವನ್ನು ಅವನು ಬರೆದದ್ದು ಸೆರೆಯಲ್ಲಿದ್ದಾಗ ಎಂಬುದೂ ಗೊತ್ತಿತ್ತು. ಬೇಡಿಕೆಯ ಜೊತೆಗೆ ಕೃತಜ್ಞತೆಯೂ ಇರಬೇಕೆಂದು ಅವನು ಸೇರಿಸಿದ್ದಾನಲ್ಲ, ಅದನ್ನು ಮಾತ್ರ ನಾನು ಗಮನಿಸಿರಲಿಲ್ಲ. ಪೌಲನು ಭರವಸೆ ಕೊಡುವುದು ಸೆರೆಮನೆಯ ಬಾಗಿಲು ತೆರೆಯುವುದೆಂದಲ್ಲ, ಹೃದಯಕ್ಕೆ ಕಾವಲು ದೊರೆಯುವುದೆಂದು.

ಇಲ್ಲಿ ಒಂದು ಮಾತನ್ನು ಕಟುವಾಗಿಯೇ ಹೇಳಬೇಕಾಗಿದೆ. ಚಿಂತಿಸುವವನಿಗೆ ವಿಶ್ವಾಸವೇ ಇಲ್ಲವೆಂದು ವೇದಿಕೆಯ ಮೇಲಿಂದ ಗದರುವ ಬೋಧಕರನ್ನು ನಾನು ಒಪ್ಪಲಾರೆ. ಗೆತ್ಸೆಮನೆಯಲ್ಲಿ ಸ್ವತಃ ಯೇಸುಸ್ವಾಮಿಯೇ ಮನೋವ್ಯಥೆಯಿಂದ ಬೆವರಿದನೆಂದು ಲೂಕನು ಬರೆದಿದ್ದಾನೆ. ಆತನನ್ನೂ ಇವರು ಗದರಿಸುವರೇ? ಪ್ರಾರ್ಥನೆ ಸಾಕು, ಮಾತ್ರೆ ಬೇಡ ಎನ್ನುವವರು ಇನ್ನೂ ಅಪಾಯಕಾರಿಗಳು. ನಿದ್ರೆ, ಹಸಿವು ಎರಡೂ ಕೆಟ್ಟು ವಾರಗಳು ಕಳೆದರೆ ವೈದ್ಯರ ಬಳಿಗೆ ಹೋಗಲೇಬೇಕು. ಈ ವಿಷಯದಲ್ಲಿ ನಮ್ಮ ಸೀಮೆಗೆ ಹೆಮ್ಮೆಪಡುವ ಚರಿತ್ರೆಯೂ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರೇ ಮನೋರೋಗಗಳಿಗೆ ಚಿಕಿತ್ಸೆ ಕೊಡಬಹುದೆಂದು ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಅಂದಿನ ಅಖಂಡ ಬಳ್ಳಾರಿ ಜಿಲ್ಲೆಯಲ್ಲಿಯೇ. ಅದೇ ಮಾದರಿಯ ಮೇಲೆ 1996ರಲ್ಲಿ ರಾಷ್ಟ್ರಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಈಗ ಟೆಲಿ-ಮನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಇದು ದೇವರನ್ನು ನಂಬದವರ ಮಾರ್ಗವೆಂದು ಯಾರೂ ತಿಳಿಯಬಾರದು. ಲೂಕನೂ ವೈದ್ಯನೇ ಆಗಿದ್ದನಲ್ಲವೇ?

ನನ್ನ ಮೂರನೆಯ ಕೊಳವೆಬಾವಿ ಕೊರೆಸಲೇ ಇಲ್ಲ. ಸಾಲ ತೀರಲು ಆರು ವರ್ಷ ಹಿಡಿಯಿತು. ಪ್ರಾರ್ಥನೆಯಿಂದ ಒಂದು ಕಂತೂ ಕಡಿಮೆಯಾಗಲಿಲ್ಲ. ಆದರೆ ಬೆಳಿಗ್ಗೆ ಎದ್ದು ಒಂಬತ್ತನೆಯ ತರಗತಿಗೆ ಪಾಠ ಹೇಳುವಷ್ಟು ಮನಸ್ಸು ನನ್ನ ಬಳಿ ಉಳಿಯಿತು. ಅವ್ವ ತೀರಿಕೊಂಡು ಬಹಳ ವರ್ಷಗಳಾದವು. ಈಗಲೂ ಕೆಲವು ರಾತ್ರಿ ಎಚ್ಚರವಾಗುತ್ತದೆ. ಆಗ ಅವಳಂತೆ ಓಣಿಯ ಮೊದಲ ಮನೆಯಿಂದ ಹೆಸರು ಹೇಳತೊಡಗುತ್ತೇನೆ. ಓಣಿಯ ಕೊನೆಯವರೆಗೆ ತಲುಪಿದ್ದು ಅಪರೂಪ.