ಅಂಗಾಲಿನ ನಕ್ಷೆ

ನಮ್ಮ ಮನೆಯಲ್ಲಿ ಕಾಲೊತ್ತುವುದಕ್ಕೆ ಒಂದು ದರವಿತ್ತು. ಅಜ್ಜಿಯ ಒಂದು ಕಾಲಿಗೆ ಒಂದು ಕಥೆ, ಎರಡು ಕಾಲಿಗೆ ಎರಡು. ಮೊಮ್ಮಗಳು ಪುಟ್ಟಿ ಐದನೇ ಕ್ಲಾಸಿಗೆ ಬಂದ ಮೇಲೂ ಈ ವ್ಯವಹಾರ ನಿಂತಿರಲಿಲ್ಲ.

ಹೋದ ವರ್ಷ ಮೂವರೂ ವಸ್ತುಪ್ರದರ್ಶನಕ್ಕೆ ಹೋಗಿದ್ದೆವು. ಹಪ್ಪಳದ ಅಂಗಡಿ ದಾಟಿದ ಕೂಡಲೇ ಒಂದು ಮಳಿಗೆಯಲ್ಲಿ ಅಂಗಾಲಿನ ದೊಡ್ಡ ಬಣ್ಣದ ಚಿತ್ರ ತೂಗುಹಾಕಿದ್ದರು. ಹೆಬ್ಬೆರಳಲ್ಲಿ ಮಿದುಳು, ಬೆರಳುಗಳ ಕೆಳಗಿನ ಉಬ್ಬಿನಲ್ಲಿ ಶ್ವಾಸಕೋಶ, ನಡುವಿನ ಗುಳಿಯಲ್ಲಿ ಹೊಟ್ಟೆ ಮತ್ತು ಮೇದೋಜ್ಜೀರಕ, ಹಿಮ್ಮಡಿಯ ಹತ್ತಿರ ಕರುಳು. ಇದಕ್ಕೆ ರಿಫ್ಲೆಕ್ಸಾಲಜಿ ಅಂತ ಹೆಸರು, ಎಲ್ಲಿ ಕಾಯಿಲೆಯೋ ಆ ಜಾಗದ ಗುರುತು ಒತ್ತಿದರಾಯಿತು ಎಂದರು ಮಳಿಗೆಯವರು. ನನ್ನ ಹೆಂಡತಿಗೆ ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ನಕ್ಷೆಯ ಜೊತೆಗೆ ಮುಳ್ಳುಮುಳ್ಳಾದ ಅಕ್ಯುಪ್ರೆಷರ್ ಚಪ್ಪಲಿಯೂ ಮನೆಗೆ ಬಂತು. ದುಡ್ಡು ಕೊಟ್ಟವನು ನಾನೇ, ಅದನ್ನು ಮುಚ್ಚಿಡುವುದಿಲ್ಲ.

ಪುಟ್ಟಿಗೆ ಹಬ್ಬ. ನಕ್ಷೆಯನ್ನು ಗೋಡೆಗೆ ಅಂಟಿಸಿ, ಸ್ಕೇಲು ಹಿಡಿದು, ಡಾಕ್ಟರಮ್ಮನ ಹಾಗೆ ಒತ್ತತೊಡಗಿದಳು. ಒಂದು ದಿನ ಚಪ್ಪಲಿಯ ಡಬ್ಬದೊಳಗಿದ್ದ ಇನ್ನೊಂದು ಚಿತ್ರ ಅವಳ ಕೈಗೆ ಸಿಕ್ಕಿತು.

"ತಾತ, ಗೋಡೆ ಮೇಲಿನದರಲ್ಲಿ ಹೃದಯ ಎಡಗಾಲಲ್ಲಿ ಮಾತ್ರ ಇದೆ. ಇದರಲ್ಲಿ ಎರಡೂ ಕಾಲಲ್ಲಿದೆ. ನಮಗೆ ಹೃದಯ ಎಷ್ಟು?"

ನಾನು ನಕ್ಕು ಸುಮ್ಮನಾದೆ. ಸುಮ್ಮನಾಗಬಾರದಿತ್ತು.

ಕೆಲವು ವಾರ ಕಳೆದ ಮೇಲೆ ಒಂದು ರಾತ್ರಿ ಎಣ್ಣೆ ಹಚ್ಚುತ್ತಿದ್ದವಳು ಕೈ ತೆಗೆದುಬಿಟ್ಟಳು. "ಅಜ್ಜಿ, ಇಲ್ಲಿ ಒಡೆದು ನೀರು ಬರ್ತಿದೆ. ನೋವಾಗ್ತಿಲ್ವಾ?"

"ಎಲ್ಲೇ? ನನಗೇನೂ ಗೊತ್ತಾಗ್ತಿಲ್ಲವಲ್ಲ."

ಹೆಬ್ಬೆರಳಿನ ಬುಡದಲ್ಲಿ ನಾಲ್ಕಾಣೆಯಷ್ಟಗಲದ ಬೊಕ್ಕೆ ಒಡೆದು ಹುಣ್ಣಾಗಿತ್ತು. ಚಪ್ಪಲಿಯ ಮುಳ್ಳು ಉಜ್ಜಿ ಉಜ್ಜಿ ಆದದ್ದು. ನೋವಾಗಿದ್ದರೆ ಅವಳು ಅವತ್ತೇ ಚಪ್ಪಲಿ ಬಿಸಾಡುತ್ತಿದ್ದಳು. ನೋವೇ ಆಗದಿದ್ದದ್ದು ನನ್ನನ್ನು ಹೆದರಿಸಿತು.

ಮಾರನೆಯ ಬೆಳಿಗ್ಗೆ ಡಾಕ್ಟರ ಹತ್ತಿರ ಹೋದೆವು. ಅವರು ಅಜ್ಜಿಗೆ ಕಣ್ಣು ಮುಚ್ಚಿಸಿ, ಸಣ್ಣ ನೈಲಾನ್ ಎಳೆಯೊಂದನ್ನು ಅಂಗಾಲಿನ ಅಲ್ಲಲ್ಲಿ ಮುಟ್ಟಿಸಿ, "ತಾಗಿದಾಗ ಹೇಳಿ" ಎಂದರು. ಎಷ್ಟೋ ಕಡೆ ಅಜ್ಜಿ ಹೇಳಲೇ ಇಲ್ಲ. ಸಕ್ಕರೆ ಬಹಳ ಕಾಲ ಹೆಚ್ಚಿದ್ದರೆ ಪಾದದ ನರಗಳು ಮಂಕಾಗುತ್ತವೆ, ಅಂಥ ಕಾಲಿಗೆ ಚುಚ್ಚಿದ್ದೂ ಗೊತ್ತಾಗುವುದಿಲ್ಲ, ಸುಟ್ಟದ್ದೂ ಗೊತ್ತಾಗುವುದಿಲ್ಲ ಎಂದರು. ಸಕ್ಕರೆ ಯಾಕೆ ಇಷ್ಟು ಏರಿದೆ ಎಂದು ಕೇಳಿದಾಗ ಇನ್ನೊಂದು ವಿಷಯ ಹೊರಬಿತ್ತು. ಮೇದೋಜ್ಜೀರಕದ ಗುರುತು ದಿನಾ ಒತ್ತಿಸಿಕೊಳ್ಳುತ್ತಿದ್ದೇನಲ್ಲ ಎಂದು ಅಜ್ಜಿ ರಾತ್ರಿಯ ಮಾತ್ರೆ ಬಿಟ್ಟಿದ್ದಳು! ನನಗೂ ಹೇಳಿರಲಿಲ್ಲ.

ಪುಟ್ಟಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅಳತೊಡಗಿದಳು. ತಾನು ಒತ್ತಿದ್ದರಿಂದಲೇ ಹೀಗಾಯಿತು ಎಂದುಕೊಂಡಿತ್ತು ಮಗು. "ನೀನು ನೋಡದೇ ಇದ್ದಿದ್ದರೆ ಹುಣ್ಣು ಒಳಗೆ ಇಳೀತಿತ್ತು ಕಣಮ್ಮ" ಎಂದು ಡಾಕ್ಟರೇ ಹೇಳಿದ ಮೇಲೆ ಸ್ವಲ್ಪ ಸಮಾಧಾನವಾಯಿತು.

ಹುಣ್ಣು ಮಾಯುವವರೆಗೆ ನಾನೂ ಅವಳೂ ಓದಲು ಕೂತೆವು. ಈ ನಕ್ಷೆ ಬಹಳ ಪುರಾತನದ್ದೆಂದು ನಾನು ನಂಬಿದ್ದೆ. ಅಲ್ಲ. ಅಮೆರಿಕದಲ್ಲಿ ವಿಲಿಯಂ ಫಿಟ್ಜ್‌ಜೆರಾಲ್ಡ್ ಎಂಬ ಕಿವಿ, ಮೂಗು, ಗಂಟಲಿನ ವೈದ್ಯರಿದ್ದರು. ತಲೆಯಿಂದ ಕಾಲ್ಬೆರಳವರೆಗೆ ಮೈಯನ್ನು ಉದ್ದುದ್ದ 10 ಪಟ್ಟಿ ಮಾಡಬಹುದು, ಒಂದು ಪಟ್ಟಿಯ ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಪರಿಣಾಮವಾಗುತ್ತದೆ ಎಂದು ಅವರು 1917ರ ಪುಸ್ತಕದಲ್ಲಿ ಬರೆದರು. ಅದನ್ನು ಅಂಗಾಲಿಗೆ ತಂದು, ಒಂದೊಂದು ಅಂಗಕ್ಕೂ ಜಾಗ ಗುರುತಿಸಿದವರು 1930ರ ದಶಕದಲ್ಲಿ ಯೂನಿಸ್ ಇಂಗ್ಹ್ಯಾಮ್ ಎಂಬ ಮಹಿಳೆ. ಅವರ ಪುಸ್ತಕ ಬಂದದ್ದು 1938ರಲ್ಲಿ. ನಮ್ಮ ಅತ್ತೆಯವರ ವಯಸ್ಸಿನ ವಿದ್ಯೆ ಅನ್ನಿ.

ಅಂಗಾಲಿನಿಂದ ಹೊರಟ ನರಗಳು ಸೊಂಟದ ಹತ್ತಿರ ಬೆನ್ನುಹುರಿಗೆ ಸೇರಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಮೇದೋಜ್ಜೀರಕಕ್ಕೆಂದು ಅಲ್ಲಿಂದ ಬೇರೆ ತಂತಿ ಎಳೆದಿಲ್ಲ. 2009ರಲ್ಲಿ ಎಡ್ಜಾರ್ಡ್ ಅರ್ನ್ಸ್ಟ್ ಎಂಬ ಪ್ರಾಧ್ಯಾಪಕರು ಆವರೆಗೆ ನಡೆದ 18 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ, ಇದರಿಂದ ಯಾವುದೇ ಕಾಯಿಲೆ ಗುಣವಾಗುತ್ತದೆ ಎನ್ನಲು ನಂಬುವಂಥ ಆಧಾರವಿಲ್ಲ ಎಂದರು.

ಹಾಗಾದರೆ ಕಾಲೊತ್ತಿದರೆ ಹಾಯೆನಿಸುವುದು ಸುಳ್ಳೇ? ಖಂಡಿತ ಅಲ್ಲ. ಒಂದು ಪಾದದಲ್ಲಿ 26 ಮೂಳೆಗಳಿವೆ, ಇಡೀ ದಿನ ನಮ್ಮನ್ನು ಹೊತ್ತು ದಣಿದಿರುತ್ತವೆ. ಅದಕ್ಕೊಂದು ಮೆದುವಾದ ಕೈ ಸಿಕ್ಕರೆ ಮೈ ಸಡಿಲವಾಗುತ್ತದೆ, ನಿದ್ದೆ ಹತ್ತುತ್ತದೆ. ಬ್ರಿಟನ್ನಿನ ಕೆಲವು ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ರೋಗಿಗಳ ನೆಮ್ಮದಿಗೆಂದು ರಿಫ್ಲೆಕ್ಸಾಲಜಿ ಮಾಡುವುದುಂಟು, ಆದರೆ ಔಷಧಿ ನಿಲ್ಲಿಸಿ ಅಲ್ಲ, ಔಷಧಿಯ ಜೊತೆಗೆ. ಪೂರಕ ಚಿಕಿತ್ಸೆ ಅನ್ನುವುದು ಅದಕ್ಕೇ. ಎಲೆಯ ತುದಿಯ ಉಪ್ಪಿನಕಾಯಿ ಇದ್ದ ಹಾಗೆ. ಅದು ಚೆನ್ನಾಗಿದೆಯೆಂದು ಯಾರೂ ಅನ್ನ ಬೇಡ ಎನ್ನುವುದಿಲ್ಲವಲ್ಲ.

ಅಜ್ಜಿ ಮಾತ್ರೆಗೆ ಮರಳಿದಳು. ಹುಣ್ಣು ಮಾಯಲು ಒಂದು ತಿಂಗಳ ಮೇಲೇ ಬೇಕಾಯಿತು. ಆಮೇಲೆ ಡಾಕ್ಟರ ಒಪ್ಪಿಗೆ ಪಡೆದು ಕಾಲೊತ್ತುವುದು ಮತ್ತೆ ಶುರುವಾಯಿತು, ಈಗ ಪುಟ್ಟಿಯದೇ ಕಾನೂನು. ಮೊದಲು ಟಾರ್ಚ್ ಹಾಕಿ ಅಂಗಾಲು, ಬೆರಳ ಸಂದು ಎಲ್ಲ ನೋಡಬೇಕು. ಎಣ್ಣೆ ಬೆರಳ ಸಂದಿಗೆ ಹೋಗಬಾರದು. ಕಾಲು ತೊಳೆಯುವ ನೀರು ಎಷ್ಟು ಬಿಸಿ ಎಂದು ನೋಡುವುದು ಅಜ್ಜಿಯ ಕಾಲಲ್ಲ, ನನ್ನ ಮೊಣಕೈ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಮುಟ್ಟುವ ಹಾಗಿಲ್ಲ, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ನೇರ ಆಸ್ಪತ್ರೆಗೆ. ಮನೆಯೊಳಗೂ ಬರಿಗಾಲಲ್ಲಿ ಓಡಾಡುವಂತಿಲ್ಲ, ಮೆತ್ತನೆಯ ಚಪ್ಪಲಿ ಬೇಕು.

ಗೋಡೆಯ ನಕ್ಷೆಯ ಜಾಗದಲ್ಲಿ ಈಗ ಬೇರೆ ಹಾಳೆಯಿದೆ. ಅಜ್ಜಿಯ ಪಾದವನ್ನೇ ಇಟ್ಟು ಪೆನ್ಸಿಲಿನಲ್ಲಿ ಗೀಚಿದ್ದು. ಅದರ ಪಕ್ಕ ದಿನಾ ಒಂದು ಸಾಲು ಬರೆಯುತ್ತಾಳೆ. ನಿನ್ನೆ ಬರೆದದ್ದು ಹೀಗಿದೆ: "ಎಡಗಾಲು ಸರಿ. ಬಲಗಾಲು ಸರಿ. ಎರಡನೇ ಕಥೆ ಬಾಕಿ, ಅಜ್ಜಿ ನಿದ್ದೆ ಮಾಡಿಬಿಟ್ಟರು."