ಅಮ್ಮನನ್ನು ನೆನೆಯುವಾಗ ಆಕೆಯ ದುಡಿಮೆಯನ್ನೂ ನೆನೆಯೋಣ

ಪತ್ರಿಕೆಗಳಲ್ಲಿ ದಿನವೂ ಬರುವ ಶ್ರದ್ಧಾಂಜಲಿ ಪ್ರಕಟಣೆಗಳನ್ನು ಗಮನವಿಟ್ಟು ಓದಿದರೆ ಒಂದು ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ತೀರಿಕೊಂಡವರು ಗಂಡಸಾಗಿದ್ದರೆ ನಿವೃತ್ತ ಮುಖ್ಯೋಪಾಧ್ಯಾಯರು, ಪ್ರಗತಿಪರ ಕೃಷಿಕರು, ಜವಳಿ ವರ್ತಕರು ಎಂದು ಹೆಸರಿನ ಜೊತೆಗೇ ಅವರ ಕಸುಬೂ ಬರುತ್ತದೆ. ಜೀವನವಿಡೀ ಮನೆ ನಡೆಸಿದ ತಾಯಿಯಾಗಿದ್ದರೆ ಇಂಥವರ ಧರ್ಮಪತ್ನಿ, ಮಮತಾಮಯಿ, ಕರುಣಾಮಯಿ ಎಂಬಲ್ಲಿಗೆ ವಿವರ ಮುಗಿಯುತ್ತದೆ. ಹಾಗೆ ಬರೆಸಿದ ಮಕ್ಕಳ ದುಃಖ ನಿಜವಾದದ್ದು, ಅದರಲ್ಲಿ ಕೊರತೆಯಿಲ್ಲ. ಕೊರತೆಯಿರುವುದು ನಾವು ನೆನೆಯುವ ಕ್ರಮದಲ್ಲಿ. ಅಮ್ಮನ ಗುಣವನ್ನು ಕೊಂಡಾಡುತ್ತೇವೆ, ಆಕೆ ಹತ್ತಾರು ವರ್ಷ ಮಾಡಿದ ಕೆಲಸವನ್ನು ಹೆಸರಿಸುವುದಿಲ್ಲ. ಆ ಕೆಲಸದ ಹಿಂದಿದ್ದ ಜಾಣ್ಮೆ, ತೀರ್ಮಾನ, ಪರಿಣತಿಗಳೆಲ್ಲ ಸ್ವಭಾವದ ಲೆಕ್ಕಕ್ಕೆ ಸೇರಿಹೋಗುತ್ತವೆ. ಗೃಹಿಣಿಯಾಗಿ ಬಾಳಿದ ತಾಯಿಗೆ ನಾವು ಸಲ್ಲಿಸಬೇಕಾದ ಮೊದಲ ಗೌರವವೆಂದರೆ ಆಕೆಯನ್ನು ದುಡಿದ ಜೀವವೆಂದು ಗುರುತಿಸುವುದು. ಇದು ಬರೀ ಶಿಷ್ಟಾಚಾರದ ಮಾತಲ್ಲ, ನ್ಯಾಯದ ಮಾತು.

ಆ ದುಡಿಮೆ ಎಷ್ಟೆಂಬುದಕ್ಕೆ ಸರ್ಕಾರದ ಅಂಕಿಅಂಶಗಳೇ ಇವೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ತೊಡಗುವ ಗಂಡಸರು 88 ನಿಮಿಷ. 2019ರ ಸಮೀಕ್ಷೆಯಲ್ಲಿ ಇದು 299 ಮತ್ತು 97 ನಿಮಿಷ ಇತ್ತು. ಐದು ವರ್ಷದಲ್ಲಿ ಇಬ್ಬರ ನಡುವಿನ ಅಂತರ ಕರಗಿಲ್ಲ. ಮಕ್ಕಳು, ಹಿರಿಯರು, ಕಾಯಿಲೆಯವರ ಆರೈಕೆಗೆ ಹೋಗುವ ಹೊತ್ತು ಇದರಿಂದ ಹೊರಗಿದೆ. ನಿಮಿಷಗಳ ಎಣಿಕೆಗೆ ಸಿಗದ ಕೆಲಸ ಇನ್ನೂ ಹೆಚ್ಚು. ಮುಂದಿನ ಮುಂಗಾರಿಗೆ ಬೇಕಾದ ಬಿತ್ತನೆ ಬೀಜವನ್ನು ಆರಿಸಿ, ಬೂದಿ ಬೆರೆಸಿ, ಹುಳು ಬೀಳದಂತೆ ಎತ್ತಿಟ್ಟವರು ಹಳ್ಳಿಯ ಅಮ್ಮಂದಿರು. ಕೊಟ್ಟಿಗೆ ಗುಡಿಸಿ, ಹಾಲು ಕರೆದು, ಹಸು ಮೇವು ಬಿಟ್ಟರೆ ಏನಾಗಿದೆಯೆಂದು ಊಹಿಸಿದವರೂ ಅವರೇ. ಮಗಳ ಬಾಣಂತನ, ಮಾವನ ಪಥ್ಯ, ಹಬ್ಬದ ಅಡುಗೆ, ಮಳೆಗಾಲಕ್ಕೆ ಹಪ್ಪಳ ಸಂಡಿಗೆ, ತಿಂಗಳ ಕೊನೆಯಲ್ಲಿ ಇದ್ದಷ್ಟರಲ್ಲೇ ಸಂಸಾರ ತೂಗಿಸುವುದು, ಸಾಲ ಕೇಳಲು ಯಾರ ಮನೆಗೆ ಹೋಗಬಹುದು, ಯಾರ ಮನೆಗೆ ಹೋಗಬಾರದೆಂಬ ಎಚ್ಚರ, ಇವೆಲ್ಲ ಕಲಿತು ಪಳಗಿಸಿಕೊಂಡ ವಿದ್ಯೆಗಳು. ಯಾರೂ ಇವನ್ನು ಹುಟ್ಟುವಾಗಲೇ ಪಡೆದು ಬರುವುದಿಲ್ಲ.

ಮನೆಯೊಳಗೆ ಹೆಸರಿಲ್ಲದ ಕೆಲಸಕ್ಕೆ ಮನೆಯ ಹೊರಗೆ ಏನಾಗುತ್ತದೆ ಎಂಬುದನ್ನು ನ್ಯಾಯಾಲಯದ ತೀರ್ಪುಗಳು ತೋರಿಸುತ್ತವೆ. 1989ರಲ್ಲಿ ಜಮ್ಶೆಡ್‌ಪುರದ ಸಮಾರಂಭವೊಂದರಲ್ಲಿ ನಡೆದ ಬೆಂಕಿ ದುರಂತದಲ್ಲಿ ಅನೇಕ ಗೃಹಿಣಿಯರು ಜೀವ ಕಳೆದುಕೊಂಡರು. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ ಗೃಹಿಣಿಯ ಸೇವೆಯ ಮೌಲ್ಯವನ್ನು ತಿಂಗಳಿಗೆ 3,000 ರೂಪಾಯಿ ಎಂದು ಅಂದಾಜಿಸಿತು. ಸಾಧಾರಣ ಎನಿಸುವ ಈ ಮೊತ್ತವೂ ಅದಕ್ಕೆ ಮುಂಚೆ ಗೊತ್ತುಮಾಡಿದ್ದ ಮೊತ್ತಕ್ಕಿಂತ ಎಷ್ಟೋ ಹೆಚ್ಚು. 2001ರ ಜನಗಣತಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳ ಸಾಲಿನಲ್ಲಿ ನಿಲ್ಲಿಸಿ ದುಡಿಯದವರೆಂದು ವರ್ಗೀಕರಿಸಿದ್ದನ್ನು 2010ರ ಅರುಣ್ ಕುಮಾರ್ ಅಗರವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಟುವಾಗಿ ಟೀಕಿಸಿತು. 2021ರ ಜನವರಿಯಲ್ಲಿ ಕೀರ್ತಿ ಪ್ರಕರಣದ ತೀರ್ಪಿನಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ ಅವರು 2011ರ ಜನಗಣತಿಯನ್ನು ಉಲ್ಲೇಖಿಸಿ, ಸುಮಾರು 16 ಕೋಟಿ ಹೆಂಗಸರು ಮನೆಗೆಲಸವೇ ತಮ್ಮ ಮುಖ್ಯ ಕೆಲಸವೆಂದು ಹೇಳಿದ್ದನ್ನು ನೆನಪಿಸಿದರು. ಹಾಗೆ ಹೇಳಿದ ಗಂಡಸರು 58 ಲಕ್ಷಕ್ಕೂ ಕಡಿಮೆ. ತಾಯಿ ಅಪಘಾತದಲ್ಲಿ ಸತ್ತಾಗ ಆಕೆಯ ದುಡಿಮೆಗೆ ಬೆಲೆಯಿತ್ತೆಂದು ಮಕ್ಕಳು ಕೋರ್ಟಿನಲ್ಲಿ ವಾದಿಸಬೇಕಾಗಿ ಬರುವುದು, ಆಕೆ ಬದುಕಿದ್ದಾಗ ಆ ದುಡಿಮೆಯನ್ನು ಸಮಾಜ ಲೆಕ್ಕಕ್ಕೇ ಹಿಡಿಯದ ಕಾರಣಕ್ಕೆ.

ಅಮ್ಮನ ಪ್ರೀತಿಗೆ ಬೆಲೆ ಕಟ್ಟುವುದೇ ಅಪಚಾರ ಎಂದು ಅನೇಕರಿಗೆ ಅನ್ನಿಸುತ್ತದೆ. ಈ ಭಾವನೆಯಲ್ಲಿ ಸತ್ಯವಿದೆ. ಮಗುವಿನ ಜ್ವರಕ್ಕೆ ರಾತ್ರಿಯಿಡೀ ಎದ್ದು ಕೂತದ್ದನ್ನು ರೂಪಾಯಿಯಲ್ಲಿ ಅಳೆಯಲಾಗದು. ಆದರೆ ಪ್ರೀತಿಗೆ ಬೆಲೆ ಕಟ್ಟಲಾಗದು ಎಂಬುದು ದುಡಿಮೆಯನ್ನು ಲೆಕ್ಕದಿಂದ ಬಿಡುವುದಕ್ಕೆ ಕಾರಣವಾಗಬಾರದು. ರೋಗಿಗಳನ್ನು ಮನಸಾರೆ ಪ್ರೀತಿಸುವ ವೈದ್ಯರಿಗೂ, ಮಕ್ಕಳಿಗಾಗಿ ಜೀವ ತೇಯುವ ಮೇಷ್ಟ್ರಿಗೂ ಸಂಬಳವಿದೆ, ನಿವೃತ್ತಿಯಿದೆ, ಪಿಂಚಣಿಯಿದೆ. ಅದರಿಂದ ಅವರ ಪ್ರೀತಿ ಕಡಿಮೆಯಾಯಿತೆಂದು ಯಾರೂ ಹೇಳುವುದಿಲ್ಲ. ಪ್ರೀತಿಯ ಹೆಸರಿನಲ್ಲಿ ದುಡಿಮೆಯನ್ನು ಮರೆಸುವ ಈ ವಾದ ಅಮ್ಮನ ವಿಷಯದಲ್ಲಿ ಮಾತ್ರ ಬರುತ್ತದೆ ಎಂಬುದೇ ಯೋಚಿಸಬೇಕಾದ ಸಂಗತಿ.

ಇದಕ್ಕೆ ವಿರುದ್ಧ ದಿಕ್ಕಿನಿಂದ ಬರುವ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಮನೆಗೆಲಸವನ್ನು ಹಾಡಿಹೊಗಳಿದರೆ ಹೆಣ್ಣುಮಕ್ಕಳನ್ನು ಮತ್ತೆ ಒಲೆಯ ಮುಂದೆ ಕೂರಿಸಿದಂತಾಗುವುದಿಲ್ಲವೇ? ಕೊಂಡಾಟದಲ್ಲೇ ನಿಂತರೆ ಖಂಡಿತ ಹಾಗಾಗುತ್ತದೆ. ತ್ಯಾಗದ ಬಣ್ಣನೆ ಹೆಚ್ಚಿದಷ್ಟೂ ಸೊಸೆಯಿಂದಲೂ ಅದೇ ತ್ಯಾಗದ ನಿರೀಕ್ಷೆ ಹುಟ್ಟುತ್ತದೆ. ಕೆಲಸವನ್ನು ಕೆಲಸವೆಂದು ಕಂಡಾಗ ಮಾತ್ರ ಅದನ್ನು ಹಂಚಿಕೊಳ್ಳುವ ಪ್ರಶ್ನೆ ಏಳುತ್ತದೆ. ಅಮ್ಮನ ದಿನಕ್ಕೆ ಎಷ್ಟು ಗಂಟೆ ಬೇಕಾಗಿತ್ತೆಂದು ಲೆಕ್ಕ ಹಾಕಿದ ಮಗ ತನ್ನ ಮನೆಯಲ್ಲಿ ಪಾತ್ರೆ ತೊಳೆಯುವುದು ಯಾರ ಪಾಲೆಂದು ಕೇಳಿಕೊಳ್ಳದೆ ಇರಲಾರ. ಆಕೆಗೆ ಓದು ಮುಂದುವರಿಸುವ ಆಸೆಯಿತ್ತೇ, ಆಕೆ ಕೈಬಿಟ್ಟದ್ದು ಏನೇನು ಎಂಬುದೂ ನಿಜವಾದ ನೆನಪಿನಲ್ಲಿ ಜಾಗ ಪಡೆಯಬೇಕು. ಇನ್ನು ಗೃಹಲಕ್ಷ್ಮಿ ಇದೆಯಲ್ಲ ಎನ್ನುವವರಿದ್ದಾರೆ. 2023ರ ಆಗಸ್ಟ್‌ನಲ್ಲಿ ಆರಂಭವಾದ ಈ ಯೋಜನೆಯಿಂದ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಎಂಬುದು ನಿಗದಿಯಾಯಿತು. ಆ ಹಣ ಅನೇಕ ಮನೆಗಳಿಗೆ ಆಸರೆ, ಯಜಮಾನಿ ಎಂದು ಹೆಣ್ಣನ್ನು ಗುರುತಿಸಿದ್ದೂ ದೊಡ್ಡದೇ. ಆದರೂ ಅದು ನೆರವು, ದುಡಿಮೆಯ ಪಾಲಲ್ಲ. ಗಂಡನ ಸಂಪಾದನೆಯಲ್ಲಿ ಕೊಂಡ ಆಸ್ತಿಯಲ್ಲಿ ಗೃಹಿಣಿಗೆ ಸಮಪಾಲು ಸಲ್ಲುತ್ತದೆಂದು 2023ರಲ್ಲಿ ಮದ್ರಾಸ್ ಹೈಕೋರ್ಟ್ ಪ್ರಕರಣವೊಂದರಲ್ಲಿ ಹೇಳಿತು. ಪಾಲು ಎಂದರೆ ಅದು. ಅಂಥ ಹಕ್ಕನ್ನು ಸ್ಪಷ್ಟ ಕಾನೂನಿನಲ್ಲಿ ತರುವ ಕೆಲಸ ಇನ್ನೂ ಬಾಕಿಯಿದೆ.

ಬೀಸುವ ಕಲ್ಲಿನ ಮುಂದೆ ಕೂತು ನಮ್ಮ ಗರತಿಯರು ಕಟ್ಟಿದ ತ್ರಿಪದಿಗಳನ್ನು ಹಲಸಂಗಿ ಗೆಳೆಯರು ಸಂಗ್ರಹಿಸಿ ಉಳಿಸಿಕೊಟ್ಟರು. ಹಾಡುಗಳು ಉಳಿದವು, ಕಟ್ಟಿದವರ ಹೆಸರು ಉಳಿಯಲಿಲ್ಲ. ಬರಹ ಬಾರದ ಕಾಲದಲ್ಲಿ ಅದು ಅನಿವಾರ್ಯವಾಗಿತ್ತು. ಮನೆಮನೆಯಲ್ಲೂ ಮೊಬೈಲ್ ಇರುವ ಈ ಕಾಲಕ್ಕೆ ಆ ನೆಪವಿಲ್ಲ. ಅಮ್ಮ ಬದುಕಿರುವಾಗಲೇ ಆಕೆಯನ್ನು ಕೂರಿಸಿಕೊಂಡು ಕೇಳಿ, ಆಕೆಯ ಮಾತಿನಲ್ಲೇ ದಾಖಲಿಸಿ. ಮನೆಯ ಪತ್ರದಲ್ಲಿ, ಜಮೀನಿನ ಪಹಣಿಯಲ್ಲಿ ಆಕೆಯ ಹೆಸರಿದೆಯೇ ನೋಡಿ, ಇಲ್ಲದಿದ್ದರೆ ಸೇರಿಸಿ. ಆಕೆ ಇಲ್ಲವಾದ ದಿನ ಶ್ರದ್ಧಾಂಜಲಿ ಬರೆಸುವಾಗ ಆಕೆ ಏನು ಬಲ್ಲವಳಾಗಿದ್ದಳು, ಏನು ಕಟ್ಟಿದಳು, ಯಾರನ್ನು ಬೆಳೆಸಿದಳು ಎಂಬ ಎರಡು ಸಾಲನ್ನು ತಪ್ಪದೆ ಹಾಕಿಸಿ.